ಮೋಹಿನಿ ಓದಿದ ವಾರ್ತೆ

ಶರಣವ್ವನಿಗೆ ಕೆಲಸ ಹೋದದ್ದು ಅವಳ ತಪ್ಪಿನಿಂದಲ್ಲ. ಮುಂಬಯಿಯ ಫೋರ್ಟಿನಲ್ಲಿ ಜಾಹೀರಾತು ಚಿತ್ರ ತಯಾರಿಸುತ್ತಿದ್ದ ಸಣ್ಣ ಕಂಪನಿಯೊಂದರಲ್ಲಿ ಅವಳು ಕನ್ನಡಕ್ಕೆ ದನಿ ಕೊಡುತ್ತಿದ್ದಳು. ಸೋಪು, ಹಲ್ಲಿನ ಪುಡಿ, ಹೊಲಿಗೆ ಯಂತ್ರ, ಏನೇ ಇರಲಿ, ಬೆಳಗಾವಿಯಿಂದ ಬಳ್ಳಾರಿಯವರೆಗೆ ಟಾಕೀಸಿನಲ್ಲಿ ಕೂತವರು ಕೇಳುತ್ತಿದ್ದ ಹೆಣ್ಣುದನಿ ಅವಳದೇ. ಆದರೆ ೧೯೫೮ರ ಆ ವರ್ಷ ದೇಶದಲ್ಲಿ ವಿದೇಶಿ ಹಣದ ಬರ ಬಿದ್ದು, ಚಿತ್ರ ತೆಗೆಯಲು ಹೊರಗಿನಿಂದ ಬರುವ ಕಚ್ಚಾ ಫಿಲ್ಮಿಗೆ ಕತ್ತರಿ ಬಿತ್ತು. ಮಳೆಗಾಲ ಮುಗಿಯುವುದರೊಳಗೆ ಕಂಪನಿ ಬಾಗಿಲು ಹಾಕಿತು. ಅದೇ ಸುಮಾರಿಗೆ ಅವಳ ತಂದೆ ಚನ್ನಬಸಯ್ಯನವರು ಗುಮಾಸ್ತರಾಗಿದ್ದ ಹತ್ತಿ ವ್ಯಾಪಾರದ ಪೇಢಿಯೂ ಅರ್ಧ ಜನರನ್ನು ಮನೆಗೆ ಕಳಿಸಿತು. ವಿಜಾಪುರದಿಂದ ಬಂದು ಹದಿನೈದು ವರ್ಷ ಮುಂಬಯಿಯಲ್ಲಿ ತಲೆ ಎತ್ತಿಕೊಂಡು ಓಡಾಡಿದ ಮನುಷ್ಯ, ಈಗ ಘಾಟ್ಕೋಪರಿನ ಚಾಳಿನ ಗ್ಯಾಲರಿಯಲ್ಲಿ ಪೇಪರು ಹಿಡಿದು ಕೂತರೆ ಊಟಕ್ಕೆ ಕರೆಯುವವರೆಗೆ ಏಳುತ್ತಿರಲಿಲ್ಲ.

ಆ ಪೇಪರಿನಲ್ಲೇ ಶರಣವ್ವ ಜಾಹೀರಾತನ್ನು ನೋಡಿದ್ದು. ಚರ್ಚ್‌ಗೇಟಿನ ಹತ್ತಿರದ ಮೈದಾನದಲ್ಲಿ ದೊಡ್ಡ ಕೈಗಾರಿಕಾ ಪ್ರದರ್ಶನ. ಅದರಲ್ಲಿ ಟೆಲಿವಿಷನ್ ತಯಾರಿಸುವ ಪರದೇಶದ ಕಂಪನಿಯೊಂದು ತನ್ನ ಪೆಟ್ಟಿಗೆಗಳನ್ನು ಜನರಿಗೆ ತೋರಿಸಲಿದೆ. ದಿನವೂ ಸಂಜೆ ಕ್ಯಾಮರಾದ ಮುಂದೆ ಕೂತು ಬೇರೆಬೇರೆ ಭಾಷೆಗಳಲ್ಲಿ ವಾರ್ತೆ ಓದುವವರು ಬೇಕು.

ಟೆಲಿವಿಷನ್ ಅಂದರೆ ಏನೆಂದು ಶರಣವ್ವನಿಗೆ ಕೇಳಿ ಗೊತ್ತಿತ್ತೇ ಹೊರತು ನೋಡಿರಲಿಲ್ಲ. ಚಾಳಿನಲ್ಲಿ ಯಾರೂ ನೋಡಿರಲಿಲ್ಲ. ಆದರೆ ಓದುವುದು ಅವಳಿಗೆ ಗೊತ್ತಿತ್ತು. ತನಗಿಂತ ಚೆನ್ನಾಗಿ ಕನ್ನಡ ಓದುವ ಹುಡುಗಿ ಈ ಊರಿನಲ್ಲಿ ಇನ್ನೊಬ್ಬಳು ಇರಲಾರಳೆಂದೂ ಗೊತ್ತಿತ್ತು.

ಒಬ್ಬಳೇ ಹೋಗಲು ಅಳುಕಿ, ಗೆಳತಿ ಮೋಹಿನಿಯನ್ನು ಕರೆದಳು. ಇಬ್ಬರೂ ಒಂದೇ ಟೈಪಿಂಗ್ ಕ್ಲಾಸಿನಲ್ಲಿ ಕಲಿತವರು. ಮೋಹಿನಿಯ ತಂದೆ ಕಾಂತಪ್ಪ ಉಡುಪಿ ಕಡೆಯವರು. ಫೋರ್ಟಿನಲ್ಲಿ ಅವರದೊಂದು ಹೋಟೆಲು. ಕಾಲ ಕೆಟ್ಟಿದೆಯೆಂದು ಆಫೀಸುಗಳು ಎಷ್ಟೇ ಗೊಣಗಿದರೂ ಗುಮಾಸ್ತರಿಗೆ ಇಡ್ಲಿ ಬೇಕೇ ಬೇಕು. ಹಾಗಾಗಿ ಮೋಹಿನಿಗೆ ಕೆಲಸದ ಜರೂರೇನೂ ಇರಲಿಲ್ಲ.

"ನನ್ ಜೋಡಿ ಬಂದು ಹೊರಗ ಕುಂಡ್ರು, ಸಾಕು," ಎಂದಳು ಶರಣವ್ವ.

"ಬರ್ತೇನೆ ಮಾರಾಯ್ತಿ. ಆ ಪೆಟ್ಟಿಗೆ ನನಗೂ ನೋಡ್ಬೇಕು," ಎಂದಳು ಮೋಹಿನಿ.

ಪ್ರದರ್ಶನದಲ್ಲಿ ಆ ಕಂಪನಿಯ ಮಳಿಗೆಯ ಹಿಂದೆ ಪ್ಲೈವುಡ್ಡಿನ ಒಂದು ಕೋಣೆ. ಒಳಗೆ ಕ್ಯಾಮರಾ, ಮೇಜು, ಕಣ್ಣು ಕುಕ್ಕುವ ದೀಪಗಳು. ಅಲ್ಲಿಂದ ಹೊರಟ ತಂತಿಗಳು ಮುಂಭಾಗದಲ್ಲಿ ಸಾಲಾಗಿಟ್ಟ ಟೆಲಿವಿಷನ್‌ಗಳಿಗೆ ಹೋಗುತ್ತಿದ್ದವು. ಮ್ಯಾನೇಜರ್ ರಮಾನಾಥರು ಕಾರವಾರದ ಕಡೆಯವರು, ಮೃದು ಮಾತಿನವರು. ಶರಣವ್ವ ಓದಿದಳು. ಓದುತ್ತ ಓದುತ್ತ ಕೋಣೆಯಲ್ಲಿದ್ದವರೆಲ್ಲ ಸುಮ್ಮನಾದದ್ದು ಅವಳ ಅರಿವಿಗೆ ಬಂತು. ಆದರೆ ಹೊರಗೆ ಟೆಲಿವಿಷನ್ನಿನ ಗಾಜಿನ ಮೇಲೆ ನೋಡಿ ಬಂದ ರಮಾನಾಥರು ತಲೆ ತುರಿಸಿಕೊಂಡರು.

"ದನಿ ಏಕ್‌ದಮ್ ಫಸ್ಟ್ ಕ್ಲಾಸ್, ಶರಣವ್ವಬಾಯಿ. ಆದ್ರೆ ಇದು ರೇಡಿಯೋ ಅಲ್ಲ ನೋಡಿ. ಈ ದೀಪದಲ್ಲಿ ಮುಖ… ಸ್ವಲ್ಪ ತೊಂದರೆ ಆಗ್ತದೆ."

ಅವರು ಹೇಳದೆ ಬಿಟ್ಟದ್ದು ಶರಣವ್ವನಿಗೆ ಅರ್ಥವಾಯಿತು. ಎಂಟನೆಯ ವಯಸ್ಸಿಗೆ ಬಂದ ಸಿಡುಬು ಅವಳ ಎರಡೂ ಕೆನ್ನೆಗಳ ಮೇಲೆ ಗುರುತು ಬಿಟ್ಟು ಹೋಗಿತ್ತು. ಗಾಜಿನ ಮೇಲೆ ಆ ಒಂದೊಂದು ಕಲೆಯೂ ಕಪ್ಪು ಗುಂಡಿಯಾಗಿ ಕಂಡಿತ್ತು.

ಅಷ್ಟರಲ್ಲಿ ರಮಾನಾಥರ ಕಣ್ಣು ಬಾಗಿಲಲ್ಲಿ ಇಣುಕುತ್ತಿದ್ದ ಮೋಹಿನಿಯ ಮೇಲೆ ಬಿತ್ತು. "ನೀವೂ ಒಮ್ಮೆ ಕೂತು ನೋಡ್ತೀರಾ?" ಎಂದರು. ಮೋಹಿನಿ ನಗುತ್ತ ಹೋಗಿ ಕೂತಳು. ಎರಡು ಸಾಲು ಹಿಂದಿ ಹೇಳಿದಳು, ನಾಲಿಗೆ ಕಚ್ಚಿಕೊಂಡಳು, ಮತ್ತೆ ನಕ್ಕಳು. ಹೊರಗಿನಿಂದ ಯಾರೋ "ವ್ಹಾ!" ಎಂದರು.

ಆವತ್ತೇ ಅವಳಿಗೆ ಕೆಲಸ ಸಿಕ್ಕಿತು, ಹಿಂದಿ ಮತ್ತು ಕನ್ನಡ ವಾರ್ತೆ ಓದುವ ಕೆಲಸ. ಶರಣವ್ವನಿಗೂ ಒಂದು ಸಿಕ್ಕಿತು. ಇಂಗ್ಲಿಷ್ ಪೇಪರುಗಳಿಂದ ಸುದ್ದಿ ಆರಿಸಿ, ಅನುವಾದಿಸಿ, ಮೋಹಿನಿಗೆ ಬರೆದುಕೊಡುವುದು. ಮನೆಯಲ್ಲಿ ಗ್ಯಾಲರಿ ಬಿಟ್ಟು ಏಳದ ತಂದೆಯನ್ನು ನೆನೆದು ಅವಳು ಒಪ್ಪಿಕೊಂಡಳು.

ಕೆಲಸಕ್ಕೆ ಕೂತ ಮೊದಲ ದಿನವೇ ಇನ್ನೊಂದು ವಿಷಯ ಹೊರಬಿತ್ತು. ಮೋಹಿನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಮಾತಾಡಿ ಗೊತ್ತಷ್ಟೆ. ಕಲಿತದ್ದೆಲ್ಲ ಇಂಗ್ಲಿಷ್ ಶಾಲೆಯಲ್ಲಿ.

"ಹಿಂದಿ ಅಕ್ಷರದಲ್ಲಿ ಬರೆದುಕೊಡು ಶರಣಿ, ನಾನು ಹೇಗಾದ್ರೂ ಓದ್ತೇನೆ," ಎಂದಳು, ಅದೊಂದು ದೊಡ್ಡ ಮಾತೇ ಅಲ್ಲವೆಂಬಂತೆ.

ಹೀಗೆ ಶರಣವ್ವ ದಿನವೂ ಮಧ್ಯಾಹ್ನ ಕೂತು ತನ್ನ ಕನ್ನಡವನ್ನು ದೇವನಾಗರಿಯಲ್ಲಿ ಬರೆಯತೊಡಗಿದಳು. ಸಂಜೆ ಮೋಹಿನಿ ಅದನ್ನು ಓದುವಾಗ ಮಳಿಗೆಯ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಮೋಹಿನಿ ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ಗೊಡವೆಯೇ ಅವಳಿಗಿರಲಿಲ್ಲ. ಆದರೂ ಜನ ಮುಗಿಬೀಳುತ್ತಿದ್ದರು. ಮಾಟುಂಗಾ, ದಾದರುಗಳಿಂದ ಕನ್ನಡದವರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದು "ನಮ್ಮ ಭಾಷೆ ನೋಡೇ, ಪೆಟ್ಟಿಗೆಯಲ್ಲಿ!" ಎಂದು ಬೆರಗಾಗುತ್ತಿದ್ದರು. 'ನಂದದು. ಆ ಮಾತೆಲ್ಲ ನಂದು' ಎಂದು ಶರಣವ್ವನ ಒಳಗೆ ಏನೋ ಕುದಿಯುತ್ತಿತ್ತು. ದಿನದ ಕೆಲಸ ಮುಗಿದು ಲೋಕಲ್ ರೈಲಿನಲ್ಲಿ ಮನೆಗೆ ಹೊರಟಾಗ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡರೆ ಆಚೆ ತಿರುಗಿ ಕೂರುತ್ತಿದ್ದಳು.

ಮೋಹಿನಿ ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು. ಅವಳು ಮನೆಯಿಂದ ಡಬ್ಬಿಯಲ್ಲಿ ಪತ್ರೊಡೆ ತಂದು ಅರ್ಧ ಶರಣವ್ವನಿಗೆ ಕೊಡುತ್ತಿದ್ದಳು. ಬಂದವರು ಹೊಗಳಿದರೆ "ಬರೆದದ್ದು ಇವಳು" ಎಂದು ಕೈ ತೋರಿಸುತ್ತಿದ್ದಳು. ಆಗ ಜನ ಶರಣವ್ವನ ಕಡೆ ಒಮ್ಮೆ ತಿರುಗಿ, ಮತ್ತೆ ಮೋಹಿನಿಯನ್ನೇ ನೋಡುತ್ತಿದ್ದರು.

ಒಂದು ದಿನ ಶರಣವ್ವ ಬೇಕೆಂದೇ ಕಷ್ಟದ ಮಾತುಗಳನ್ನು ಹೆಣೆದಳು. ಉಕ್ಕಿನ ಕಾರ್ಖಾನೆಯ ಸುದ್ದಿಯೊಳಗೆ 'ಔದ್ಯೋಗೀಕರಣಾಭಿವೃದ್ಧಿ' ಎಂದು ಹೊಸೆದಳು. ಮೋಹಿನಿ ಆ ಪದದ ಮುಂದೆ ಬಂದು ನಿಂತಳು. ಒಂದು ಸಲ ಪ್ರಯತ್ನಿಸಿದಳು, ಇನ್ನೊಂದು ಸಲ ಪ್ರಯತ್ನಿಸಿದಳು, ಆಮೇಲೆ ಕಣ್ಣರಳಿಸಿ ಕ್ಯಾಮರಾ ನೋಡಿ, "ಅಯ್ಯೋ ದೇವರೇ, ಇದು ನನ್ನಿಂದ ಆಗುವುದಿಲ್ಲ. ಕಾರ್ಖಾನೆ ಬಂತು ಅಂತ ತಿಳ್ಕೊಳ್ಳಿ!" ಎಂದುಬಿಟ್ಟಳು. ಜನ ಹೊಟ್ಟೆ ತುಂಬ ನಕ್ಕರು, ಚಪ್ಪಾಳೆ ಹೊಡೆದರು. ಮರುದಿನ ಇನ್ನೂ ಹೆಚ್ಚು ಜನ ಬಂದರು. ರಮಾನಾಥರಂತೂ, ಪ್ರದರ್ಶನ ಇಲ್ಲಿ ಮುಗಿದ ಮೇಲೆ ಕಲಕತ್ತೆಗೂ ಹೋಗುವುದಿದೆ, ಮೋಹಿನಿಬಾಯಿಯನ್ನು ಕಳಿಸಬೇಕೆಂದು ಸಾಹೇಬರು ಹೇಳುತ್ತಿದ್ದಾರೆ ಎಂದರು.

ಆ ರಾತ್ರಿ ಶರಣವ್ವ ಊಟ ಸೇರದೆ ಎದ್ದಳು. "ಯಾಕವಾ, ಆರಾಮಿಲ್ಲೇನು?" ಎಂದು ತಾಯಿ ಕಾಶವ್ವ ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇರಲಿಲ್ಲ.

ಎರಡು ದಿನಗಳ ನಂತರ ಅವಳು ಚಹಾ ಕುಡಿಯಲೆಂದು ಕಾಂತಪ್ಪನವರ ಹೋಟೆಲಿಗೆ ಹೋದಳು. ಹಾಗೆಂದು ತನಗೆ ತಾನೇ ಹೇಳಿಕೊಂಡಿದ್ದಳು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಕಾಂತಪ್ಪನವರು ಗುರುತು ಹಿಡಿದು ನಕ್ಕರು.

"ನೀವು ನಮ್ಮ ಮೋನಿಯ ಫ್ರೆಂಡ್ ಅಲ್ವಾ? ಹೇಗೆ ಉಂಟು ನಿಮ್ಮ ಟೈಪಿಂಗ್ ಕೆಲಸ? ಪಾಪ, ದಿನಾ ಟೈಪ್ ಮಾಡಿ ಮಾಡಿ ಬೆರಳು ನೋಯ್ತದೆ ಅಂತಾಳೆ."

ಮೋಹಿನಿ ಮನೆಯಲ್ಲಿ ಹಾಗೆ ಹೇಳಿದ್ದಾಳೆಂದು ಶರಣವ್ವನಿಗೆ ಮೊದಲಿನಿಂದಲೂ ಗೊತ್ತಿತ್ತು. "ಜನರ ಮುಂದೆ ಮುಖ ತೋರಿಸ್ತೇನೆ ಅಂತ ಅಪ್ಪನಿಗೆ ಗೊತ್ತಾದ್ರೆ ಕೊಂದೇ ಬಿಡ್ತಾರೆ" ಎಂದು ಅವಳೇ ಪಿಸುಗುಟ್ಟಿದ್ದಳು. ಈಗ ಹೌದೌದು ಎಂದು ಚಹಾ ಕುಡಿದು ಏಳಬಹುದಾಗಿತ್ತು. ಶರಣವ್ವ ಬ್ಯಾಗಿನಿಂದ ಪ್ರದರ್ಶನದ ಪಾಸ್ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

"ಒಮ್ಮೆ ಬಂದು ನೋಡ್ರಿ ಕಾಕಾ. ಸಂಜಿ ಮುಂದ ಬರ್ರಿ. ಮಗಳ ಕೆಲಸ ನೋಡಿ ಭಾಳ ಖುಷಿ ಆಗ್ತೀರಿ."

ಅವಳ ದನಿ ಎಂದಿನಂತೆ ಇಂಪಾಗಿಯೇ ಇತ್ತು.

ಕಾಂತಪ್ಪನವರು ಮರುದಿನವೇ ಬಂದರು, ಇಸ್ತ್ರಿ ಮಾಡಿದ ಅಂಗಿ, ಕರಿ ಟೋಪಿ ಹಾಕಿಕೊಂಡು. ಗುಂಪಿನ ನಡುವೆ ನುಗ್ಗಿ ಟೆಲಿವಿಷನ್ನಿನ ಮುಂದೆ ನಿಂತರು. ಶರಣವ್ವ ಪಕ್ಕದಿಂದ ನೋಡುತ್ತಿದ್ದಳು. ಗಾಜಿನಲ್ಲಿ ಮಗಳ ಮುಖ ಮೂಡಿತು. ಕಾಂತಪ್ಪನವರ ಬಾಯಿ ತೆರೆದುಕೊಂಡಿತು. ಅವರು ರೇಗುವರೆಂದು ಶರಣವ್ವ ಕಾದಿದ್ದಳು. ಆದರೆ ಅವರು ಮೆಲ್ಲನೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು, ದೇವರ ಮುಂದೆ ನಿಂತವರ ಹಾಗೆ. ಮುಖದಲ್ಲಿ ನಗು ಹರಡಿತು. ಇದೂ ಮೋಹಿನಿಗೇ ಸಿಗಬೇಕೆ?

ಆಗ ಹಿಂದಿನಿಂದ ಪೋಕರಿಯೊಬ್ಬ ಸಿಳ್ಳೆ ಹೊಡೆದ. ಅವನ ಜೊತೆಯವನು ಹಿಂದಿಯಲ್ಲಿ ಏನೋ ಹೊಲಸು ಮಾತು ಆಡಿದ. ಗುಂಪು ಕಿಸಕ್ಕೆಂದಿತು. ಕಾಂತಪ್ಪನವರು ತಿರುಗಿ ನೋಡಿದರು. ಮತ್ತೆ ಗಾಜು ನೋಡಿದರು. ಅಲ್ಲಿ ಮೋಹಿನಿ ಯಾರಿಗೆಂದು ಇಲ್ಲದೆ ನಗುತ್ತಲೇ ಇದ್ದಳು. ಅವರು ಟೋಪಿ ಹಾಕಿಕೊಂಡು ಸೀದಾ ಹಿಂದಿನ ಕೋಣೆಗೆ ನಡೆದರು.

ಕೂಗಾಟವೇನೂ ಆಗಲಿಲ್ಲ. "ಚಪ್ಪಲಿ ಹಾಕು. ಮನೆಗೆ ಹೋಗುವ," ಎಂದರಷ್ಟೆ. ರಮಾನಾಥರು ಏನೋ ಹೇಳಲು ಬಂದಾಗ ಕೈ ಮುಗಿದರು. ಮೋಹಿನಿ ತಂದೆಯ ಕೈಯಲ್ಲಿದ್ದ ಪಾಸನ್ನು ನೋಡಿದಳು. ಆಮೇಲೆ ಬಾಗಿಲ ಬಳಿ ನಿಂತಿದ್ದ ಶರಣವ್ವನನ್ನು ನೋಡಿದಳು. ಚಪ್ಪಲಿ ಮೆಟ್ಟಿ ತಂದೆಯ ಹಿಂದೆ ಹೊರಟುಹೋದಳು.

ಮರುದಿನ ಸಂಜೆ ಕನ್ನಡ ಓದಲು ಬೇರೆ ಯಾರೂ ಇರಲಿಲ್ಲ. "ನೀವೇ ಕೂತ್ಕೊಳ್ಳಿ ಬಾಯಿ, ಮುಖ ಹೇಗಾದ್ರೂ ಕಾಣಲಿ," ಎಂದರು ಸೋತುಹೋದ ರಮಾನಾಥರು. ದೀಪ ನೋಡಿಕೊಳ್ಳುವ ಅಣ್ಣು ಅವಳ ಮುಖವನ್ನು ಒಮ್ಮೆ ದಿಟ್ಟಿಸಿದ. ಪಕ್ಕದ ದೊಡ್ಡ ದೀಪವನ್ನು ಎಳೆದು ಎದುರಿಗೆ ತಂದ. ಅದರ ಮುಂದೆ ತೆಳು ಬಿಳಿ ಬಟ್ಟೆ ಕಟ್ಟಿದ. ಹೊರಗೆ ಹೋಗಿ ನೋಡಿ ಬಂದು, "ಈಗ ಏನೂ ಕಾಣೂದಿಲ್ಲ ಅಕ್ಕ," ಎಂದ.

"ಆವತ್ತ ಯಾಕ ಹಿಂಗ ಮಾಡಲಿಲ್ಲೋ?"

"ಆವತ್ತು ಯಾರೂ ಹೇಳಲಿಲ್ವಲ್ಲ."

ಶರಣವ್ವ ಓದಿದಳು. ಆ ಬೆಳಕಿನಲ್ಲಿ ಅವಳಿಗೆ ಜನ ಕಾಣಲಿಲ್ಲ, ಅವರ ಸದ್ದೂ ಕೇಳಲಿಲ್ಲ. ಎದುರಿಗೆ ಕ್ಯಾಮರಾದ ಕರಿ ಕಣ್ಣೊಂದೇ. ಬೆನ್ನ ಮೇಲೆ ಬೆವರು ಹರಿಯಿತು. ಒಂದು ಅಕ್ಷರವೂ ತಪ್ಪಲಿಲ್ಲ. ಓದಿ ಹೊರಗೆ ಬಂದಾಗ ಮುದುಕರೊಬ್ಬರು ಹತ್ತಿರ ಬಂದು, "ಚಲೋ ಓದಿದಿ ತಂಗಿ," ಎಂದರು. ಅವರ ಹಿಂದಿದ್ದ ಹೆಂಗಸು ಕೇಳಿದಳು: "ಆ ನಗೂ ಹುಡುಗಿ ಎಲ್ಲಿ? ಇವತ್ತ ಬಂದಿಲ್ಲೇನು?"

ಪ್ರತಿ ಸಂಜೆಯೂ ಯಾರಾದರೊಬ್ಬರು ಅದನ್ನು ಕೇಳಿಯೇ ಕೇಳುತ್ತಿದ್ದರು. ಕೆಲಸ ಅವಳದಾಗಿತ್ತು, ಪಗಾರ ಏರಿತ್ತು, ಚನ್ನಬಸಯ್ಯನವರು ಗ್ಯಾಲರಿ ಬಿಟ್ಟೆದ್ದು ನೆರೆಯವರನ್ನೆಲ್ಲ ಕರೆತಂದು ಮಗಳನ್ನು ತೋರಿಸಿದ್ದರು. ಆದರೂ ಆ ಪ್ರಶ್ನೆ ಕೇಳಿದಾಗಲೆಲ್ಲ ಒಳಗಿನ ಕಿಚ್ಚು ಮೊದಲಿನಷ್ಟೇ ಬಿಸಿಯಾಗಿ ಏಳುತ್ತಿತ್ತು.

ಪ್ರದರ್ಶನದ ಕೊನೆಯ ವಾರ ಮೋಹಿನಿ ಬಂದಳು. ತಾಯಿಯನ್ನು ಪಕ್ಕದ ಬಟ್ಟೆ ಮಳಿಗೆಯಲ್ಲಿ ಬಿಟ್ಟು, ಒಬ್ಬಳೇ ಹಿಂದಿನ ಕೋಣೆಗೆ ಬಂದು ನಿಂತಳು. ಶರಣವ್ವ ಆಗಷ್ಟೇ ಓದಿ ಮುಗಿಸಿದ್ದಳು.

"ಅಪ್ಪನಿಗೆ ಪಾಸ್ ಕೊಟ್ಟದ್ದು ನೀನೇ ಅಲ್ವಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಮೋಹಿನಿಯ ಕಣ್ಣು ನೋಡಿ ಅದು ಹೊರಡಲಿಲ್ಲ. "ಹೂಂ. ನಾನ," ಎಂದಳು ಶರಣವ್ವ.

"ಯಾಕೆ?"

"ನಿನ್ನ ನೋಡಿ ಸಹಿಸಾಕ ಆಗಲಿಲ್ಲ."

ಮೋಹಿನಿ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ಇವತ್ತು ನಾನು ಹೊರಗೆ ನಿಂತು ನಿನ್ನನ್ನೇ ನೋಡ್ತಾ ಇದ್ದೆ. ಒಂದು ಸಲ ಆದ್ರೂ ನೀನು ತಡವರಿಸಬೇಕು ಅಂತ ದೇವರಿಗೆ ಹರಕೆ ಹೊತ್ತೆ. ನೀನು ತಡವರಿಸಲೇ ಇಲ್ಲ." ಅವಳು ಬಾಗಿಲ ಕಡೆ ತಿರುಗಿದಳು. "ಮದುವೆ ಗೊತ್ತು ಮಾಡಿದ್ದಾರೆ, ಸಾಂತಾಕ್ರೂಜಿನ ಹೋಟೆಲಿನವರು. ಕರೀತೇನೆ. ಬಾರದಿದ್ರೂ ಪರವಾಗಿಲ್ಲ."

ಕ್ಷಮಿಸು ಎಂದು ಶರಣವ್ವ ಹೇಳುವ ಹೊತ್ತಿಗೆ ಅವಳು ಗುಂಪಿನಲ್ಲಿ ಕರಗಿಹೋಗಿದ್ದಳು.

ಪ್ರದರ್ಶನ ಮುಗಿಯಿತು. ಕಲಕತ್ತೆಗೆ ಹೋಗುವ ಮಾತು ಸಾಹೇಬರ ಆಫೀಸಿನಲ್ಲೇ ನಿಂತಿತು. ಪೆಟ್ಟಿಗೆಗಳು ಹುಲ್ಲು ತುಂಬಿದ ಮರದ ಖೋಕಿಗಳಲ್ಲಿ ಹಡಗು ಹತ್ತಿ ಬಂದಲ್ಲಿಗೇ ಹಿಂತಿರುಗಿದವು. ಆದರೆ ರಮಾನಾಥರು ಮರೆಯಲಿಲ್ಲ. ಟಾಕೀಸುಗಳಲ್ಲಿ ಸಿನೆಮಾಕ್ಕೆ ಮೊದಲು ತೋರಿಸುವ ಸಮಾಚಾರ ಚಿತ್ರಗಳಿಗೆ ಕನ್ನಡದ ದನಿ ಬೇಕೆಂದು ಯಾರೋ ಕೇಳಿದಾಗ ಶರಣವ್ವನ ಹೆಸರು ಹೇಳಿದರು. ಅವಳಿಗೆ ಅಲ್ಲಿ ಕಾಯಂ ಕೆಲಸವಾಯಿತು.

ಮದುವೆಗೆ ಅವಳು ಹೋದಳು. ಸಾಂತಾಕ್ರೂಜಿನಲ್ಲಿ ದೊಡ್ಡ ಚಪ್ಪರ. ಮೋಹಿನಿ ಮಂಟಪದಿಂದ ಅವಳನ್ನು ಕಂಡು ತಲೆಯಾಡಿಸಿದಳು. ಹತ್ತಿರ ಕರೆಯಲಿಲ್ಲ, ಮುಖ ತಿರುಗಿಸಲೂ ಇಲ್ಲ. ಶರಣವ್ವ ಊಟದ ಪಂಕ್ತಿಯಲ್ಲಿ ಕೂತಳು. ಪಕ್ಕದಲ್ಲಿ ಕೂತ ಹೆಂಗಸರಿಬ್ಬರು ಮದುಮಗಳ ಕಡೆ ನೋಡುತ್ತ ಮಾತಾಡಿಕೊಳ್ಳುತ್ತಿದ್ದರು.

"ಗೊತ್ತುಂಟಾ, ಮೈದಾನದಲ್ಲಿ ಆ ಪೆಟ್ಟಿಗೆಯಲ್ಲಿ ಕನ್ನಡ ವಾರ್ತೆ ಓದಿದ್ದು ಇವಳೇ ಅಂತೆ."

"ಹೌದಾ? ನಾನು ನೋಡಿದ್ದೆ ಮಾರಾಯ್ತಿ! ಎಷ್ಟು ಚಂದ ಓದ್ತಿದ್ಳು."

ಬಡಿಸುವವನು ಬಂದು ಪಾಯಸ ಬೇಕೇ ಎಂದು ಎರಡು ಸಲ ಕೇಳಿದ. ಶರಣವ್ವ ಎಲೆಯ ಮೇಲೆ ಕೈ ಅಡ್ಡ ಹಿಡಿದಳು.