ಆಯುಧಪೂಜೆಯ ಮಾರನೆಯ ಬೆಳಿಗ್ಗೆ

ಆಯುಧಪೂಜೆಯ ದಿನ ಆಫೀಸಿನ ಎರಡೂ ಕಂಪ್ಯೂಟರುಗಳನ್ನು ಆಫ್ ಮಾಡಿ, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ ಬೀಗ ಹಾಕಿದವಳು ಧರಣಿಯೇ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಮಾರನೆಯ ಬೆಳಿಗ್ಗೆ ಬಂದು ಬಾಗಿಲು ತೆಗೆದರೆ ಪಾಲುದಾರ ಸ್ವರೂಪನ ಕಂಪ್ಯೂಟರ್ ಗುಂಯ್ ಎನ್ನುತ್ತ ಕೂತಿದೆ! ಇನ್ನೊಂದು ಬೀಗದ ಕೈ ಇದ್ದದ್ದು ಅವನ ಹತ್ತಿರ.

ನಜರ್‌ಬಾದಿನ ಆ ಮಹಡಿ ಕೋಣೆಯಲ್ಲಿ ಇಬ್ಬರೂ ಸೇರಿ ಒಂದು ಆ್ಯಪ್ ಕಟ್ಟುತ್ತಿದ್ದರು. ಪರದೆಯ ಮೇಲೆ ಚೌಕಗಳನ್ನು ಬರೆದು ಗೆರೆ ಎಳೆದು ಜೋಡಿಸಿದರೆ ಸಾಕು, ಇದಾದ ಮೇಲೆ ಇದು ಅಂತ ಕಂಪ್ಯೂಟರ್ ತಾನೇ ಕೆಲಸ ಮಾಡಿಕೊಂಡು ಹೋಗುತ್ತಿತ್ತು; ಕೆಲಸ ಮುಗಿದ ಚೌಕ ಹಸಿರಾಗುತ್ತಿತ್ತು. ಧರಣಿ ಇದ್ದ ಕೆಲಸ ಬಿಟ್ಟು ಬಂದದ್ದು ಇದನ್ನು ನಂಬಿ, ಸ್ವರೂಪನನ್ನು ನಂಬಿ. ಈಚೆಗೆ ಅವನು ಫೋನ್ ಬಂದರೆ ಮೆಟ್ಟಿಲಿಗೆ ಹೋಗಿ ಪಿಸುಗುಡುತ್ತಿದ್ದ. ದಟ್ಟಗಳ್ಳಿಯಲ್ಲಿ ಮದುವೆಗೆ ಹೆಣ್ಣು ಗೊತ್ತಾದ ಗಂಡು ಮತ್ತೇನು ಮಾಡೀತು? ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹಬ್ಬದ ದಿನ ಕದ್ದು ಬಂದು ಆ್ಯಪಿನ ಕೋಡನ್ನೆಲ್ಲ ಯಾರಿಗೋ ಸಾಗಿಸಿದ್ದಾನೆ ಎಂದೇ ಅವಳು ತೀರ್ಮಾನಿಸಿದಳು.

ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಕಳ್ಳ ಒಪ್ಪಿಕೊಳ್ಳುತ್ತಾನೆಯೇ? ತಮ್ಮದೇ ಆ್ಯಪಿನಲ್ಲಿ ಚೌಕ ಬರೆಯತೊಡಗಿದಳು. ಸ್ವರೂಪ ಬಂದು ಪಾಸ್‌ವರ್ಡ್ ಒತ್ತಿದೊಡನೆ ಅವನಿಗೆ ಕೋಡಿನ ಬಾಗಿಲು ಮುಚ್ಚಬೇಕು. ಆಮೇಲೆ 'ನಂಬಿಕೆದ್ರೋಹ ಮಾಡಿದ ಸ್ವರೂಪ ಇನ್ನು ನಮ್ಮ ಜೊತೆ ಇಲ್ಲ' ಅಂತ ಗಿರಾಕಿಗಳಿಗೆಲ್ಲ ಮೇಲ್ ಹೋಗಬೇಕು.

ಎಲ್ಲ ಜೋಡಿಸಿ ಚಾಲೂ ಮಾಡಿಟ್ಟು, ಮೂಲೆ ಹೋಟೆಲಿನಲ್ಲಿ ಕಾಫಿ ಕುಡಿದು ವಾಪಸ್ಸು ಬಂದರೆ ಗೇಟಿನಲ್ಲಿ ಮನೆ ಒಡತಿ ಪುಟ್ಟಲಿಂಗಮ್ಮ.

"ನಿನ್ನೆ ನಿಮ್ ಕೋಣೇಗೂ ಮಂಗಳಾರತಿ ಎತ್ಬುಟ್ಟೆ ಕಣವ್ವ. ನನ್ತಾವೂ ಒಂದು ಬೀಗದ ಕೈ ಐತಲ್ಲ. ಮಕ ಕರ್ರಗಿಟ್ಕೊಂಡಿರೋ ದ್ಯಾವ್ರಿಗೆ ಎಂಗೆ ಆರತಿ ಎತ್ತೋದು? ಗುಂಡಿ ಅಮುಕಿ ಬೆಳಕು ಮಾಡ್ದೆ. ಆರ್ಸೋದು ಗೊತ್ತಾಗ್ನಿಲ್ಲ. ಈಗ್ತಾನೆ ಸ್ವರೂಪಪ್ಪ ಬಂದ್ನಲ್ಲ, ಅವ್ನೂ ಕೇಳಿ ನಗಾಡ್ಕೊಂಡೇ ಮೆಟ್ಲತ್ತಿದ."

ಧರಣಿ ಎದ್ದೆನೋ ಬಿದ್ದೆನೋ ಎಂದು ಮಹಡಿಗೆ ಓಡಿದಳು. ಸ್ವರೂಪ ಪರದೆಯ ಮುಂದೆ ಕೂತಿದ್ದ. ಅವನ ಕಣ್ಣೆದುರಿಗೇ ಕೊನೆಯ ಚೌಕ ಹಸಿರಾಯಿತು.

"ಸ್ವರೂಪ, ನಾನು..."

"ಎಲ್ಲಾರ್ಗೂ ಹೋಯ್ತು ಕಣೇ. ನನ್ನ ಒಂದ್ಮಾತು ಕೇಳೋಕೆ ಮಾತ್ರ ಒಂದು ಚೌಕ ಹಾಕಿಲ್ವಲ್ಲ ನೀನು," ಎಂದ ಅವನು, ದನಿ ಏರಿಸದೆ.

ಧರಣಿಗೆ ನಾಚಿಕೆಯಿಂದ ಅಳು ಬಂತು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.