ಎರಡು ಗುಟುಕಿನ ಬಟ್ಟಲು

"ಈ ಕೆಟಲ್ ನೀನೇ ಹಿಡ್ಕೋ. ಬೇರೆ ಯಾರ ಕೈಗೂ ಕೊಡ್ಬೇಡ," ಎಂದು ಅಮ್ಮ ಬಿಸಿ ಕೆಟಲನ್ನು ಸನೋಬರಳ ಕೈಗೆ ತುರುಕಿದಾಗ, ಗಂಡಸರು ಅಪ್ಪನನ್ನು ಹೊತ್ತುಕೊಂಡು ಓಣಿಯ ತಿರುವು ದಾಟಿದ್ದರಷ್ಟೆ. ಅಂಗಳದ ತುಂಬ ಸೂತಕದ ನೀಲಿ ಅಂಗಿಯ ಹೆಂಗಸರು. ಅಳು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಸನೋಬರಳಿಗೆ ರೇಗಿತು. ಮನೆಯಲ್ಲಿ ಇಬ್ಬರು ಸೊಸೆಯರಿದ್ದಾರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲವೆಂದು ನೆರೆಯವರು ಸಮೋವರ್ ಹಂಡೆಯಲ್ಲಿ ಚಹಾದ ನೀರು ಕಾಯಿಸಿ ತಂದಿಟ್ಟಿದ್ದಾರೆ. ಬಗ್ಗಿಸಿ ಕೊಡುವುದಕ್ಕೆ ಕೋಕಂದ್ ಪಟ್ಟಣದ ಅತಿ ದೊಡ್ಡ ಜರ್ದಾಳು ಕಾರ್ಖಾನೆಯ ಮುಖ್ಯಸ್ಥೆಯಾದ ತಾನೇ ಆಗಬೇಕೇ?

ಅಂಗಿಯ ಜೇಬಿನಲ್ಲಿ ಫೋನು ಮತ್ತೆ ನಡುಗಿತು. ಅವಳ ಸಹಾಯಕ ಜಾಫರ್. ಮಾಸ್ಕೋದ ಖರೀದಿದಾರರು ಮಧ್ಯಾಹ್ನ ಬರುವವರಿದ್ದರು. ಈ ವರ್ಷದ ಜರ್ದಾಳಿನ ಮಾತು ಇವತ್ತೇ ಮುಗಿಯಬೇಕು. ಮಗಳಾದವಳು ಮೂರು ದಿನ ಹೊಸ್ತಿಲು ದಾಟಬಾರದು, ನಿಜ. ಆದರೆ ಗಂಡಸರು ಮಣ್ಣು ಮಾಡಿ ಬಂದು ಊಟಕ್ಕೆ ಕೂತರೆ ಯಾರು ಯಾರನ್ನು ನೋಡುತ್ತಾರೆ? ಹಿತ್ತಲ ಬಾಗಿಲಿಗೆ ಕಾರು ತರಿಸಿ ಸಂಜೆಯೊಳಗೆ ಬಂದುಬಿಡುವುದೆಂದು ಅವಳು ಲೆಕ್ಕ ಹಾಕಿಟ್ಟಿದ್ದಳು.

ಅವಳನ್ನು ಹೆದರಿಸಿದ್ದು ಬೇರೆಯೇ ಒಂದು ಸಂಗತಿ. ಬೆಳಗಿನಿಂದ ಅವಳ ಕಣ್ಣಿಂದ ಒಂದು ಹನಿಯೂ ಬಿದ್ದಿರಲಿಲ್ಲ. ಪ್ರಾಣದಂತಿದ್ದ ಅಪ್ಪ ಹೋದರೂ ಎದೆಯಲ್ಲಿ ಏನೂ ಆಗುತ್ತಿರಲಿಲ್ಲ. ಎಷ್ಟೋ ತಿಂಗಳಿಂದ ಹೀಗೇ. ನಿದ್ದೆಯಿಲ್ಲ, ಹಸಿವಿಲ್ಲ, ಮಗನ ಮದುವೆಯ ಮಾತೆತ್ತಿದರೂ ಸಂತೋಷವಿಲ್ಲ.

"ತಗೊಳ್ಳಿ ಅತ್ತೆ," ಎಂದು ಅಪ್ಪನ ತಂಗಿ ಬುಸಾರಾಳ ಮುಂದೆ ಬಟ್ಟಲಿಟ್ಟಳು.

ಮುದುಕಿ ಬಟ್ಟಲನ್ನು ನೋಡಿದಳು. ಚಹಾ ಅಂಚಿನವರೆಗೆ ತುಂಬಿ ತುಳುಕುತ್ತಿತ್ತು.

"ಅಯ್ಯೋ, ಏನೇ ಇದು? ನಮ್ಮಣ್ಣ ಇನ್ನೂ ಮಣ್ಣಿಗೆ ಸೇರಿಲ್ಲ, ಆಗ್ಲೇ ನನ್ನನ್ನ ಎಬ್ಬಿಸ್ತಾ ಇದ್ದೀಯಾ?"

ಬಂದವರಿಗೆ ಎರಡೇ ಗುಟುಕು ಬಗ್ಗಿಸಬೇಕು. ಅದು ಮುಗಿದರೆ ಮತ್ತೆರಡು. ಕೂತಿರಿ, ನಿಮಗೆ ಮತ್ತೆ ಮತ್ತೆ ಬಗ್ಗಿಸುವುದೇ ನನಗೆ ಸಂತೋಷ ಎಂದು ಅದರರ್ಥ. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗು ಎಂದರ್ಥ. ಮಾತು ಬಾರದ ಕೂಸಿಗೂ ಇದು ಗೊತ್ತು.

"ಕೈ ತಪ್ಪಿತು ಅತ್ತೆ," ಎಂದಳು ಸನೋಬರ್.

ಬುಸಾರಾ ಅತ್ತಿಗೆಯ ಕಡೆ ತಿರುಗಿದಳು. "ಅಪ್ಪನ ಮಗಳೇ ಸರಿ. ನೆನಪಿದ್ಯಾ ಅತ್ತಿಗೆ, ನಮ್ಮಮ್ಮ ಗಂಟು ಕಟ್ಕೊಂಡು ಹೊರಟಿದ್ದು?"

ಸನೋಬರಳಿಗೂ ನೆನಪಿತ್ತು.

*

ಆಗ ಅವಳಿನ್ನೂ ಶಾಲೆಯ ಹುಡುಗಿ. ಅಪ್ಪ ಎರ್ಗಶ್ ಅದೇ ಕಾರ್ಖಾನೆಯ ಮುಖ್ಯಸ್ಥನಾಗಿದ್ದ. ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದುಕೊಂಡ ಮುದುಕಿಯ ಜಾತಿಯವನು. ಹಣ್ಣು ಒಣಹಾಕುವುದಕ್ಕೂ ಅವನೇ, ಲಾರಿ ತುಂಬಿಸುವುದಕ್ಕೂ ಅವನೇ. ಮನೆಗೆ ಬಂದರೆ ಗೋಡೆ ನೋಡುತ್ತ ಕೂರುತ್ತಿದ್ದ. ಮಗಳು ಪದ್ಯ ಹೇಳಿದರೆ "ಹೂಂ" ಎನ್ನುತ್ತಿದ್ದ, ಯಾವ ಪದ್ಯವೆಂದು ಕೇಳಿದರೆ ಬ್ಬೆಬ್ಬೆಬ್ಬೆ.

ಒಂದು ಬೇಸಿಗೆಯಲ್ಲಿ ಹಳ್ಳಿಯಿಂದ ಅಜ್ಜಿ ಬಂದಳು, ವಾರ ಇರುತ್ತೇನೆಂದು ಹಾಸಿಗೆಯನ್ನೂ ಬಿಚ್ಚಿದಳು. ಅಪ್ಪ ಯಾವುದೋ ಯೋಚನೆಯಲ್ಲಿ ಬಟ್ಟಲು ತುಂಬಿಸಿ ಹೆತ್ತ ತಾಯಿಯ ಮುಂದಿಟ್ಟು, ಕಾರ್ಖಾನೆಗೆ ಹೋಗಿಬಿಟ್ಟ. ಅಜ್ಜಿ ಒಂದು ಹನಿಯೂ ಬಿಡದೆ ಕುಡಿದಳು. ಆಮೇಲೆ ತಲೆವಸ್ತ್ರ ಬಿಗಿದುಕೊಂಡು, ಗಂಟು ಹಿಡಿದು ಬಸ್ ನಿಲ್ದಾಣಕ್ಕೆ ನಡೆದಳು. ಅಮ್ಮ ಬೀದಿಯವರೆಗೂ ಬೇಡಿಕೊಂಡು ಓಡಿದಳು. ಪ್ರಯೋಜನವಾಗಲಿಲ್ಲ.

ಮರುದಿನ ಅಪ್ಪ ಹಳ್ಳಿಗೆ ಹೋಗಿ ಕಾಲು ಹಿಡಿದ.

"ನೀನೇ ಹೋಗು ಅಂದೆಯಲ್ಲಪ್ಪ," ಎಂದಳಂತೆ ಅಜ್ಜಿ.

"ನಾನು ಬಗ್ಗಿಸಿದ್ದೇ ನಂಗೆ ನೆನಪಿಲ್ಲ ಕಣಮ್ಮ."

"ಹಾಗಾದ್ರೆ ನೀನು ನನ್ನನ್ನ ಕಳಿಸಿಲ್ಲ. ನಿನ್ನನ್ನೇ ನೀನು ಎಲ್ಲಿಗೋ ಕಳಿಸಿಬಿಟ್ಟಿದ್ದೀಯ. ಹೋಗಿ ಕರ್ಕೊಂಡು ಬಾ."

ಅಪ್ಪ ಅಲ್ಲೇ ಕೂತು ಮಗುವಿನಂತೆ ಅತ್ತ. ಕಾರ್ಖಾನೆಯ ಮೊಹರನ್ನು ಗೆಳೆಯ ತುರ್ದಾಲಿಗೆ ಕಳಿಸಿಕೊಟ್ಟು, ಹಣ್ಣಿನ ಕಾಲ ಮುಗಿಯುವವರೆಗೆ ತಾಯಿಯ ತೋಟದಲ್ಲೇ ಉಳಿದ. ಆ ವರ್ಷವೂ ಜರ್ದಾಳು ಹಣ್ಣಾದವು, ಒಣಗಿದವು, ಲಾರಿ ಹತ್ತಿದವು. ಅಪ್ಪ ತಿರುಗಿ ಬಂದಾಗ ಮೈಕೈ ತುಂಬಿಕೊಂಡಿದ್ದ. ಸನೋಬರಳನ್ನು ಎದುರಿಗೆ ಕೂರಿಸಿಕೊಂಡು ಪದ್ಯ ಹೇಳಿಸಿದ, ಒಂದು ಸಾಲು ತಪ್ಪಿದ್ದನ್ನೂ ಹಿಡಿದ.

*

ಮಣ್ಣು ಮಾಡಿ ಬಂದ ಗಂಡಸರು ಕೈಕಾಲು ತೊಳೆದು ಹಿಪ್ಪುನೇರಳೆ ಮರದಡಿ ಕೂತರು. ತುರ್ದಾಲಿ ಮುದುಕ ಗೆಳೆಯನ ಗೋರಿಗೆ ಹಾಕಿದ ಮಣ್ಣು ಇನ್ನೂ ಉಗುರಲ್ಲಿರುವಂತೆಯೇ ಬಂದು ಜಗುಲಿಯ ಮೇಲೆ ಕುಕ್ಕರಿಸಿದ.

"ಬಗ್ಗಿಸು ಮಗಳೇ, ನೋಡೋಣ."

ಈ ಸಲ ಅವಳು ಎಚ್ಚರದಿಂದ ಎರಡೇ ಗುಟುಕು ಬಗ್ಗಿಸಿದಳು. ಮುದುಕ ಬಟ್ಟಲನ್ನು ಬಗ್ಗಿ ನೋಡಿ ನಕ್ಕ.

"ಮೀಟಿಂಗಲ್ಲಿ ನಿಮ್ಮಪ್ಪ ಇದನ್ನೇ ನೋಡ್ತಿದ್ದ. ಕೆಟಲನ್ನ ದೊಡ್ಡ ದೊಡ್ಡ ಅಧಿಕಾರಿಗಳ ಕೈಗೇ ಕೊಡೋನು. ಒಬ್ರಿಗೊಬ್ರು ಬಗ್ಗಿಸ್ಬೇಕು. ಅವನ ಕಣ್ಣು ಕಾಗದದ ಮೇಲಲ್ಲ, ಬಟ್ಟಲ ಮೇಲೆ. ಯಾರಾದ್ರೂ ತುಂಬಿಸಿಬಿಟ್ರೋ, 'ನೀನು ದಣಿದಿದ್ದೀಯ, ಮನೆಗೆ ಹೋಗು, ಒಂದು ವಾರ ಮುಖ ತೋರಿಸ್ಬೇಡ' ಅಂತಿದ್ದ."

"ನಿಮ್ಮನ್ನೂ ಕಳಿಸಿದ್ರಾ ಚಿಕ್ಕಪ್ಪ?" ಎಂದು ಯಾರೋ ಕೇಳಿದರು.

"ಎಷ್ಟು ಸಲ! ಒಂದ್ಸಲ ಬೇಕಂತಲೇ ತುಂಬಿಸ್ದೆ. ಮಾವನ ಮನೇಲಿ ಮದುವೆ ಇತ್ತು. ಅದೂ ಅವನಿಗೆ ಗೊತ್ತಾಯ್ತು, ಕಳ್ಳ! 'ಸುಳ್ಳು ಹೇಳೋಕೆ ಶಕ್ತಿ ಇದೆ ಅಂದ್ರೆ ಚೆನ್ನಾಗೇ ಇದ್ದೀಯ, ಆದ್ರೂ ಹೋಗು' ಅಂದ."

ಸಾವಿನ ಮನೆಯೆಂಬುದನ್ನು ಮರೆತು ಜನ ನಕ್ಕರು. ಸನೋಬರ್ ನಗಲಿಲ್ಲ. ಅಪ್ಪನ ಕುರ್ಚಿಗೆ ಬಂದ ವರ್ಷವೇ ಅವಳು ಆ ಕೆಟಲನ್ನು ತೆಗೆಸಿ, ಮೂಲೆಯಲ್ಲೊಂದು ಚಹಾ ಯಂತ್ರ ಇಡಿಸಿದ್ದಳು, ಜೊತೆಗೆ ಕಾಗದದ ಲೋಟಗಳು. ಪ್ರತಿ ಮೀಟಿಂಗಲ್ಲೂ ಅರ್ಧ ಗಂಟೆ ಉಳಿಯುತ್ತದೆಂದು ಹೆಮ್ಮೆಪಟ್ಟಿದ್ದಳು.

ಅಮ್ಮ ಅವಳ ಪಕ್ಕ ಬಂದು ನಿಂತು ಮೆಲ್ಲಗೆ ಹೇಳಿದಳು, "ಮೊನ್ನೆ ನೋಡೋಕೆ ಬಂದಿದ್ಯಲ್ಲ, ಅಪ್ಪಂಗೆ ಚಹಾ ಕೊಟ್ಟಿದ್ದು ನೆನಪಿದ್ಯಾ?"

"ಕೊಟ್ಟಿದ್ನಾ?"

"ತುಂಬಿಸಿ ಕೊಟ್ಟೆ ಕಣೇ. ಫೋನಲ್ಲಿ ಮಾತಾಡ್ತಾನೇ."

"ಅಪ್ಪ... ಏನಂದ್ರು?"

"ನಕ್ಕರು. 'ಮಗಳೇ ಹೇಳಿದ್ಮೇಲೆ ಮುಗೀತು, ಹೊರಡೋದೇ' ಅಂದ್ರು. ನಾನು ಬೈದೆ. ಆಮೇಲೆ ನನ್ನ ಕೈ ಹಿಡ್ಕೊಂಡು, 'ನಾನು ಹೋದ ದಿನ ಕೆಟಲ್ ಅವಳ ಕೈಗೇ ಕೊಡು. ನಾನು ಹೇಳಿದ್ರೆ ಕೇಳೋ ಮಗಳಲ್ಲ. ಅವಳ ಕೈ ಏನು ಮಾಡುತ್ತೆ ಅಂತ ನಾಲ್ಕು ಜನರ ಮುಂದೆ ಅವಳೇ ನೋಡ್ಲಿ' ಅಂದ್ರು."

ಅಮ್ಮ ಇನ್ನೂ ಏನೋ ಹೇಳುತ್ತಿದ್ದಳು. ಸನೋಬರಳಿಗೆ ಕೇಳಿಸಲಿಲ್ಲ. ಬೆಳಗಿನಿಂದ ಎಲ್ಲೋ ಸಿಕ್ಕಿಕೊಂಡಿದ್ದ ಅಳು ಒಮ್ಮೆಲೇ ನುಗ್ಗಿ ಬಂತು. ಕೆಟಲನ್ನು ಎದೆಗೊತ್ತಿಕೊಂಡೇ ಅತ್ತಳು. ಬಿಸಿ ತಾಗುತ್ತಿತ್ತು, ಆ ಬಿಸಿ ತನಗೆ ಗೊತ್ತಾಗುತ್ತಿದೆಯೆಂಬುದೇ ಅವಳಿಗೊಂದು ಸಮಾಧಾನವಾಯಿತು. ಬುಸಾರಾ ಅತ್ತೆ ಬೆನ್ನು ಸವರುತ್ತ, "ಅಳು, ಅಳು, ಬಂತಲ್ಲ ಸದ್ಯ," ಎಂದಳು.

ಜೇಬಿನಲ್ಲಿ ಫೋನು ನಡುಗಿತು. ಅವಳು ಮೂಗೊರೆಸಿಕೊಂಡು ತೆಗೆದಳು.

"ಅಕ್ಕ, ಹಿತ್ತಲ ಬಾಗಿಲಿಗೆ ಕಾರು ಬಂದಿದೆ. ಮಾಸ್ಕೋದವರೂ ಕಾರ್ಖಾನೆಗೆ ಬಂದು ಕೂತಿದ್ದಾರೆ."

"ಕಾರು ವಾಪಸ್ ಕಳಿಸು ಜಾಫರ್. ನಾನು ಮೂರು ದಿನ ಬರಲ್ಲ. ಆಮೇಲೂ ಸ್ವಲ್ಪ ದಿನ ಬರಲ್ಲ."

"ಅಕ್ಕ, ನೀವಿಲ್ದೆ ಹೇಗೆ?"

"ನೀನಿದ್ದೀಯಲ್ಲ. ದರ ನಿಂಗೆ ಗೊತ್ತು, ಹಣ್ಣು ನಿಂಗೆ ಗೊತ್ತು. ಮಾತು ಮುಗಿಸು."

"ಅವರು ಬೇಜಾರಾಗಿ ಎದ್ದು ಹೋದ್ರೆ?"

"ಎದ್ದು ಹೋಗೋ ಹಾಗೆ ಬಗ್ಗಿಸ್ಬೇಡ. ಆ ಕಾಗದದ ಲೋಟ ಎಸಿ. ಅಪ್ಪನ ಬೀರುವಲ್ಲಿ ಬಟ್ಟಲುಗಳಿವೆ, ತೊಳೆದು ತೆಗಿ. ಎರಡೆರಡೇ ಗುಟುಕು, ನಿನ್ನ ಕೈಯಾರೆ."

ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟಳು. ಬುಸಾರಾ ಅತ್ತೆ ಮುಂಚಿನ ಬಟ್ಟಲಿನ ಚಹಾವನ್ನು ಮರದ ಬುಡಕ್ಕೆ ಚೆಲ್ಲಿ, ಖಾಲಿ ಬಟ್ಟಲನ್ನು ಮುಂದೆ ಚಾಚಿದಳು. ಸನೋಬರ್ ಬಗ್ಗಿಸಿದಳು. ಚಹಾದ ಅಡಿಯಲ್ಲಿ ಬಟ್ಟಲ ತಳದಲ್ಲಿ ಬಿಡಿಸಿದ ನೀಲಿ ಹತ್ತಿ ಹೂವು ನಿಚ್ಚಳವಾಗಿ ಕಾಣುತ್ತಿತ್ತು. ಅತ್ತೆ ಕುಡಿದು, ತುಟಿ ಒರೆಸಿಕೊಂಡು, ಮತ್ತೆ ಚಾಚಿದಳು.