ಲಕ್ಕಮ್ಮನ ಹಾಳೆ

ದೀಪಶ್ರೀ ದಬ್ಬಳದಿಂದ ಕಾಗದದ ಬೆನ್ನಿಗೆ ಮೂರನೇ ತೂತು ಹಾಕುತ್ತಿದ್ದಾಗ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳ ಸದ್ದಾಯಿತು. ನೂರಿಪ್ಪತ್ತು ಪ್ರತಿಗಳಲ್ಲಿ ಹನ್ನೊಂದನ್ನು ಹೊಲಿಯುವುದಷ್ಟೇ ಬಾಕಿಯಿತ್ತು. ನಾಳಿದ್ದು ಹಾಸನದಲ್ಲಿ ಪುಸ್ತಕ ಪ್ರದರ್ಶನ. ಅವಳಿಗೆಂದೇ ಒಂದು ಮೇಜು ಕೊಡುವುದಾಗಿ ಅದನ್ನು ನಡೆಸುವ ಪ್ರತಿಭಾ ಹೇಳಿದ್ದಳು.

ಬಾಗಿಲಲ್ಲಿ ಐವತ್ತರ ಆಸುಪಾಸಿನ ಗಂಡಸೊಬ್ಬ ನಿಂತಿದ್ದ. ಅವನ ಹಿಂದೆ ಒಬ್ಬ ಹೆಂಗಸು. ಅವನ ಕೈಯಲ್ಲಿದ್ದ ಸುರುಳಿ ಸುತ್ತಿದ ಪುಸ್ತಕ ತನ್ನದೇ ಎಂದು ನೀಲಿ ದಾರ ನೋಡಿಯೇ ಅವಳಿಗೆ ತಿಳಿಯಿತು.

"ಈ ಪುಸ್ತಕ ಮಾಡೋಳು ನೀನೇನಮ್ಮ?"

"ಹೌದು. ತಾವು?"

"ಮಲ್ಲಿಪಟ್ಟಣದ ಲಕ್ಕಮ್ಮನ ಮಗ. ಅನಿಲ್‌ಕುಮಾರ್. ಇವ್ಳು ನಮ್ಮನೆಯೋಳು ನಾಗಲಕ್ಷ್ಮಿ." ಅವನು ಪುಸ್ತಕವನ್ನು ಮೇಜಿನ ಮೇಲೆ ಎಸೆದ. "ನಮ್ಮವ್ವನ ತೋಳಿನ ಹಚ್ಚೆ ಬರ್ದಿದ್ದೀಯ. ಚೇಳು, ದೀಪ, ಆ 'ಚಿ' ಅಕ್ಷರ, ಎಲ್ಲಾನೂವೆ. ಹೆಸ್ರು ಹಾಕ್ದೆ ಇದ್ರೆ ಊರೋರ್ಗೆ ಗೊತ್ತಾಗಕಿಲ್ವಾ?"

ದೀಪಶ್ರೀ ಎದ್ದು ನಿಂತಳು. ನಾಲ್ಕು ವರ್ಷದ ಹಿಂದೆ ಹೊಳೆನರಸೀಪುರದ ಖಾಸಗಿ ಶಾಲೆಯೊಂದರ ಡ್ರಾಯಿಂಗ್ ಟೀಚರ್ ಕೆಲಸ ಬಿಟ್ಟು, ತೆಂಗಿನಕಾಯಿ ಮಂಡಿಯ ಮೇಲಿನ ಈ ಕೋಣೆ ಹಿಡಿದು 'ದಾರದುಂಡೆ' ಎಂಬ ಕೈಯಲ್ಲೇ ಮಾಡುವ ಪುಟ್ಟ ಪತ್ರಿಕೆ ಶುರು ಮಾಡಿದ್ದಳು. ಬರೆಯುವುದು, ಚಿತ್ರ ಕೆತ್ತಿ ಅಚ್ಚೊತ್ತುವುದು, ಹೊಲಿಯುವುದು ಎಲ್ಲ ಅವಳೇ. ಹಾಸನದ ಹುಡುಗರು ಅದನ್ನು ಝೀನ್ ಅನ್ನುತ್ತಿದ್ದರು. ಕೆಳಗಿನ ಮಂಡಿಯವರಿಗೆ ಅದು ಹೊಲಿಗೆ ಪುಸ್ತಕ. ಪ್ರತಿ ಸಂಚಿಕೆಯ ಮುಖಪುಟದ ಕೆಳಗೆ ಒಂದೇ ಸಾಲು: ಕಂಡದ್ದು, ಕೇಳಿದ್ದು ಮಾತ್ರ. ಈ ಏಳನೆಯದು ವಯಸ್ಸಾದ ಹೆಂಗಸರ ಹಚ್ಚೆಗಳ ಬಗ್ಗೆ. ಹಾಸನಕ್ಕೆ ಮೊದಲೇ ಕಳಿಸಿದ ಹತ್ತು ಪ್ರತಿಗಳಲ್ಲಿ ಒಂದರ ನಡುಹಾಳೆಯ ಫೋಟೋ ತೆಗೆದು ಯಾರೋ ವಾಟ್ಸಾಪಿಗೆ ಹಾಕಿದ್ದರು.

"ಅಜ್ಜಿನೇ ಹೇಳಿದ್ದು ಅಣ್ಣ," ಅಂದಳು.

"ಅದು ಸತ್ತೋದ ನಮ್ಮ ಚಿಕ್ಕಮ್ಮನ ಹೆಸ್ರಿನ ಅಕ್ಷರ. ಚಿಕ್ಕತಾಯಮ್ಮ. ಹುಟ್ಟಿದಾಗಿಂದ ಕೇಳ್ಕಂಡು ಬಂದಿದ್ದೀನಿ. ನೀನು ಯಾವನೋ ಚಿಕ್ಕಯ್ಯ ಅಂತ ಬರ್ದಿದ್ದೀಯ." ಅವನು ಪುಸ್ತಕ ಬಿಡಿಸಿ ಆ ಅಕ್ಷರದ ಮೇಲೆ ಬೆರಳೂರಿದ. "ಈಗ್ಲೇ ಬಾ. ಅವ್ವನ ಮುಂದೆ ಓದು. ನಾನೇ ಯೋಳಿದ್ದು ಅಂತ ಅವ್ಳಂದ್ರೆ ನಾನು ಬಾಯಿ ಮುಚ್ಕತೀನಿ. ಇಲ್ಲ ಅಂದ್ರೆ ಒಂದೂ ಉಳೀಬಾರ್ದು."

"ಬರ್ತೀನಿ." ಅವಳಿಗೆ ಧೈರ್ಯವಿತ್ತು. ಮೊಬೈಲಿನಲ್ಲಿ ಅಜ್ಜಿಯ ಮಾತು ಪೂರ್ತಿ ರೆಕಾರ್ಡಾಗಿತ್ತು.

ಪುಸ್ತಕದ ಎರಡು ಪೆಟ್ಟಿಗೆಗಳನ್ನು ಅನಿಲ್‌ಕುಮಾರ್ ತಾನೇ ಹೊತ್ತು ಕಾರಿಗೆ ಹಾಕಿದ. ಕಾರು ಅರಕಲಗೂಡು ದಾಟಿತು. ಹಿಂದಿನ ಸೀಟಿನಲ್ಲಿದ್ದ ದೀಪಶ್ರೀ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ರೆಕಾರ್ಡಿಂಗಿನ ಕೊನೆಯ ಭಾಗ ಹಾಕಿದಳು. ಲಕ್ಕಮ್ಮ ನಗುತ್ತಿದ್ದಳು. ಯಾವುದೋ ಕೋಳಿಯನ್ನು ಓಡಿಸಿದ ಸದ್ದು. ಆಮೇಲೆ ಅವಳ ದನಿ ತಗ್ಗಿತು.

"ಬರ್ಕೋ ಮಗ. ಆದ್ರೆ ಅಚ್ಚಾಕೋ ಮುಂಚೆ ನಂಗೊಂದ್ಸತಿ ಓದಿ ಯೋಳು. ನಂಗೆ ಓದಾಕ್ ಬರಕಿಲ್ಲ ನೋಡು."

"ಖಂಡಿತ ಬರ್ತೀನಿ ಅಜ್ಜಿ." ಅದು ಅವಳದೇ ದನಿ.

ಅವಳು ಹೋಗಿರಲೇ ಇಲ್ಲ. ಪ್ರದರ್ಶನದ ದಿನ ಗೊತ್ತಾದ ಮೇಲೆ ಹಗಲೆಲ್ಲ ಅಚ್ಚು ಕೆತ್ತುವುದೇ ಆಗಿತ್ತು. ಮಲ್ಲಿಪಟ್ಟಣಕ್ಕೆ ಹೋಗಿಬರಲು ಒಂದು ದಿನ ಬೇಕಿತ್ತು. ಆ ಒಂದು ದಿನವನ್ನು ಅವಳು ಉಳಿಸಿಕೊಂಡಿದ್ದಳು.

ಲಕ್ಕಮ್ಮ ಜಗುಲಿಯ ಮೇಲೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಎಪ್ಪತ್ತು ದಾಟಿದ ಸಣ್ಣ ಜೀವ. ಕಾರಿಳಿದ ದೀಪಶ್ರೀಯನ್ನು ಕಂಡು ಅವಳ ಮುಖ ಅರಳಿತು; ಹಿಂದೆ ಬಂದ ಮಗನನ್ನು ನೋಡಿ ಮತ್ತೆ ಮುದುಡಿತು.

"ಓದು," ಅಂದ ಅನಿಲ್‌ಕುಮಾರ್.

ದೀಪಶ್ರೀ ಕಂಬದ ಪಕ್ಕ ಕೂತು ನಡುಹಾಳೆ ತೆರೆದಳು. "'ಹಚ್ಚೆ ಹಾಕುವವಳು ಊರಿಗೆ ಬಂದಾಗ ನನಗೆ ಹದಿನಾಲ್ಕು. ಪಕ್ಕದ ಹೊಲದ ಚಿಕ್ಕಯ್ಯ ನಾಲ್ಕು ಅಕ್ಷರ ಕಲಿತಿದ್ದ. ತನ್ನ ಹೆಸರಿನ ಮೊದಲ ಅಕ್ಷರವನ್ನು ಸ್ಲೇಟಿನ ಮೇಲೆ ಬರೆದು ಕೊಟ್ಟ. ದೀಪದ ಕೆಳಗೆ ಹಾಕು ಅಂತ ನಾನು ತೋಳು ಚಾಚಿದೆ. ಮನೆಯಲ್ಲಿ ಕೇಳಿದ್ದಕ್ಕೆ ತಂಗಿಯ ಹೆಸರು ಅಂದೆ. ಮದುವೆಯ ದಿನ ಬಳೆ ತೊಡಿಸುವಾಗ ಅದು ಇನ್ನೂ ಹಸಿಯಾಗಿತ್ತು.'"

ಮೊರದ ಮೇಲಿನ ಕೈ ನಿಂತಿತ್ತು. ಉಳಿದ ಎರಡು ಪುಟಗಳನ್ನು ದೀಪಶ್ರೀ ತಲೆಯೆತ್ತದೆ ಓದಿ ಮುಗಿಸಿದಳು. ಬಾಗಿಲ ಬಳಿ ನಿಂತಿದ್ದ ನಾಗಲಕ್ಷ್ಮಿ ಅತ್ತೆಯ ತೋಳನ್ನೇ ನೋಡುತ್ತಿದ್ದಳು.

"ಯೋಳವ್ವ," ಅಂದ ಅನಿಲ್‌ಕುಮಾರ್. ಬೆಳಿಗ್ಗೆ ದೀಪಶ್ರೀಯನ್ನು ಗದರಿಸಿದ್ದ ಆ ದನಿ ಈಗ ಮೆತ್ತಗಾಗಿತ್ತು. "ಇದು ನೀನು ಯೋಳಿದ್ದಾ?"

ಲಕ್ಕಮ್ಮ ಮಗನ ಮುಖ ನೋಡಿದಳು.

"ಇಲ್ಲ ಕಣಪ್ಪ. ನಾನ್ಯಾಕಂಗೆ ಅಂದೇನು? ನಮ್ ಚಿಕ್ಕತಾಯಿ ಹೆಸ್ರಲ್ವಾ ಅದು."

ಅನಿಲ್‌ಕುಮಾರ್ ದೀಪಶ್ರೀಯ ಕಡೆ ತಿರುಗಿದ. ಅವಳ ಕೈ ಚೀಲದೊಳಗೆ ಮೊಬೈಲಿನ ಮೇಲಿತ್ತು. ಬೆರಳು ಒತ್ತಿದರೆ ಸಾಕು, ಅಜ್ಜಿಯ ನಗು ಜಗುಲಿಯಲ್ಲೆಲ್ಲ ಕೇಳುತ್ತಿತ್ತು. ಲಕ್ಕಮ್ಮ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಯಾಚನೆಯಿರಲಿಲ್ಲ. ಈ ಹುಡುಗಿ ಏನು ಮಾಡುತ್ತಾಳೋ ನೋಡೋಣ ಎಂಬಂತೆ ಸುಮ್ಮನೆ ಕಾಯುತ್ತಿದ್ದಳು.

ದೀಪಶ್ರೀ ಕೈ ಹೊರಗೆ ತೆಗೆದಳು.

"ನಂದೇ ತಪ್ಪು ಅಣ್ಣ. ನಾನೇ ಕಟ್ಟಿ ಬರೆದೆ."

"ಆ ಮಾತ್ನ ಬರ್ದು ಹಾಕು. ಎಲ್ರೂ ಓದಂಗೆ. ವಾಟ್ಸಾಪಲ್ಲೂ ಹಾಕು, ನಿನ್ನ ಇನ್‌ಸ್ಟಾಗ್ರಾಮಲ್ಲೂ ಹಾಕು."

ಅವಳು ಅವನ ಎದುರಿಗೇ ಟೈಪ್ ಮಾಡಿದಳು: ಏಳನೇ ಸಂಚಿಕೆಯ ನಡುಹಾಳೆಯ ಕಥೆ ನನ್ನ ಕಲ್ಪನೆ. ಯಾರೂ ನನಗೆ ಹೇಳಿದ್ದಲ್ಲ. ಕ್ಷಮಿಸಿ. ಕಳಿಸುವ ಗುಂಡಿ ಒತ್ತುವಾಗ ನಾಲ್ಕು ವರ್ಷದ ಅಷ್ಟೂ ಮುಖಪುಟಗಳು, ಅವುಗಳ ಕೆಳಗಿನ ಆ ಒಂದು ಸಾಲು ಕಣ್ಣ ಮುಂದೆ ಹಾದುಹೋದವು. ಎರಡು ನಿಮಿಷ ಕಳೆಯುವುದರೊಳಗೆ ಪ್ರತಿಭಾಳ ಫೋನ್ ಬಂತು. ದೀಪಶ್ರೀ ಎತ್ತಲಿಲ್ಲ. ಮತ್ತೆ ಬಂತು.

ಅನಿಲ್‌ಕುಮಾರ್ ಪೆಟ್ಟಿಗೆಗಳನ್ನು ಬಚ್ಚಲ ಒಲೆಯ ಕಡೆಗೆ ಎಳೆದುಕೊಂಡು ಹೋಗತೊಡಗಿದ. ಲಕ್ಕಮ್ಮ ಮೊರ ಕೆಳಗಿಟ್ಟು ಎದ್ದಳು.

"ಬುಡ್ಲಾ ಅದ್ನ. ಬ್ಯಾರೆ ಹೆಂಗುಸ್ರ ಮಾತೂ ಅದ್ರಾಗೆ ಅದೆ. ಅವ್ರ್ದೆಲ್ಲ ಸುಡೋಕೆ ನೀನ್ಯಾರು? ನನ್ ಹಾಳೆ ಏಟವೋ ಆಟ್ನೂ ಕಿತ್ಕೊಡ್ಲಿ."

ಮಗ ಪೆಟ್ಟಿಗೆಯಿಂದ ಕೈ ತೆಗೆದ. ತಾಯಿ ಆ ದನಿಯಲ್ಲಿ ಮಾತಾಡಿದ್ದನ್ನು ಅವನು ಅಪರೂಪಕ್ಕೆ ಕೇಳಿದ್ದನೆಂದು ತೋರುತ್ತಿತ್ತು.

ದೀಪಶ್ರೀ ಕತ್ತರಿ ಕೇಳಿದಳು. ಜಗುಲಿಯ ಮೇಲೆ ಕೂತು ಒಂದೊಂದೇ ಪ್ರತಿಯ ದಾರ ಕತ್ತರಿಸಿ, ನಡುಹಾಳೆ ಬೇರೆ ಮಾಡಿ, ಉಳಿದದ್ದನ್ನು ಜೋಡಿಸಿಟ್ಟಳು. ಹದಿನೈದು ದಿನದ ಹೊಲಿಗೆ ನೀಲಿ ತುಣುಕುಗಳಾಗಿ ನೆಲದ ಮೇಲೆ ಬಿತ್ತು. ನಾಗಲಕ್ಷ್ಮಿ ಹಾಳೆಗಳನ್ನು ಮಡಿಲಲ್ಲಿ ತುಂಬಿಕೊಂಡು ಹೋಗಿ ಒಲೆಗೆ ಹಾಕಿ ಬರುತ್ತಿದ್ದಳು. ಒಂದು ಸಲ ಅವಳು ಬಹಳ ಹೊತ್ತು ಹಿಂದಿರುಗಲಿಲ್ಲ. ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಹೊಗೆ ಅಂದಳು. ಕೊನೆಯ ಹಾಳೆ ಹೋಗುವಾಗ ಮೂರು ಗಂಟೆ.

"ನಾನೇ ಕಾರಲ್ಲಿ ಬುಟ್ಬತ್ತೀನಿ," ಅಂದ ಅನಿಲ್‌ಕುಮಾರ್. ಅವನ ಸಿಟ್ಟು ಇಳಿದಿತ್ತು. ಅದರ ಜಾಗದಲ್ಲಿ ಏನೋ ಮುಜುಗರ ಬಂದು ಕೂತಿತ್ತು.

"ಬ್ಯಾಡ. ನಾನು ಬಸ್ಸತ್ತುಸ್ತೀನಿ," ಅಂದಳು ಲಕ್ಕಮ್ಮ.

ಪೆಟ್ಟಿಗೆಗಳನ್ನು ಅವನೇ ನಿಲ್ದಾಣದಲ್ಲಿ ಇಳಿಸಿ ಹೋದ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು.

"ಓದಿ ಹೇಳ್ತೀನಿ ಅಂದಿದ್ದೆ ಅಜ್ಜಿ. ಬರಲಿಲ್ಲ."

"ಊಂ. ಬರ್ನಿಲ್ಲ." ಲಕ್ಕಮ್ಮ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. ರಸ್ತೆಯಾಚೆ ಗದ್ದೆಯಲ್ಲಿ ಯಾರೋ ನೀರು ತಿರುಗಿಸುತ್ತಿದ್ದರು. ಅದನ್ನು ನೋಡುತ್ತಲೇ ಅಂದಳು, "ಸ್ಲೇಟಲ್ಲ ಕಣ್ ಮಗ. ಸ್ಲೇಟೆಲ್ಲಿತ್ತು ನಮ್ತಾವ? ಮುತ್ತುಗದ ಎಲೆ. ಮುಳ್ಳಲ್ಲಿ ಗೀಚ್ಕೊಟ್ಟ."

'ಬರ್ಕೊಟ್ಟ' ಅಂತ ಮಾತ್ರ ಅಜ್ಜಿ ಅವತ್ತು ಹೇಳಿದ್ದು. ಸ್ಲೇಟು ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆಂದು ದೀಪಶ್ರೀಯೇ ಸೇರಿಸಿದ್ದಳು.

"ಎಲೆ ಬಾಡೋಕ್ ಮುಂಚೆ ಹಚ್ಚೆಯೋಳ್ತಾವ ಓಡ್ಬೇಕಿತ್ತು. ಓಡಿದ್ದೆ." ಲಕ್ಕಮ್ಮ ಬಾಯೊರೆಸಿಕೊಂಡಳು. "ಓಗ್ಲಿ. ಮಿಕ್ಕಿದೋರು ಏನಂದವ್ರೆ? ಓದು."

"ಈಗಲಾ?"

"ಇನ್ಯಾವಾಗ?"

ದೀಪಶ್ರೀ ಪೆಟ್ಟಿಗೆಯಿಂದ ದಾರವಿಲ್ಲದ ಒಂದು ಪ್ರತಿ ತೆಗೆದಳು. ಗಾಳಿಗೆ ಹಾಳೆಗಳು ಜಾರುತ್ತಿದ್ದವು; ಹೆಬ್ಬೆರಳಿನಿಂದ ಅದುಮಿ ಹಿಡಿದು, ಸಾಲಗಾಮೆಯ ನಂಜಮ್ಮ ಹೇಳಿದ್ದರಿಂದ ಶುರು ಮಾಡಿದಳು. ಒಂದು ಕಡೆ ಲಕ್ಕಮ್ಮ ಸಣ್ಣಗೆ ನಕ್ಕಳು. ಇನ್ನೊಂದು ಕಡೆ, "ಅದ್ನ ಇನ್ನೊಂದ್ಸತಿ ಓದು," ಅಂದಳು.

ಬಸ್ಸು ಬಂದು ನಿಂತಿತು. ಲಕ್ಕಮ್ಮ ಅತ್ತ ತಿರುಗದೆಯೇ ಬಸ್ಸಿಗೆ ಹೋಗೆಂದು ಕೈಯಾಡಿಸಿದಳು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಧೂಳು ಇಳಿಯುವಷ್ಟರಲ್ಲಿ, ಗದ್ದೆಯ ಕಡೆಯಿಂದ ಹುಲ್ಲಿನ ಹೊರೆ ಹೊತ್ತು ಬಂದ ಇಬ್ಬರು ಹೆಂಗಸರು ಬೆಂಚಿನ ಹತ್ತಿರ ನಿಂತು, ಹೊರೆಯನ್ನು ಇಳಿಸದೆಯೇ, ಓದುತ್ತಲೇ ಇದ್ದ ದೀಪಶ್ರೀಯ ದನಿಗೆ ಕಿವಿಗೊಟ್ಟರು.